ಪಂಡಿತಾ ರಮಾಬಾಯಿಯವರೂ ಶಾಲೆಯ ಮುಖ್ಯಸ್ಥಾನವೂ

ಶಾಲೆಗೆ ಹೊಸ ಮುಖ್ಯೋಪಾಧ್ಯಾಯಿನಿಯವರು ಬರುವರೆಂಬ ಸುದ್ದಿಯು ಹಬ್ಬಿತೆಂದರೆ ಮನೆಮನೆಗಳಲ್ಲಿಯೂ ಅದೇ ಮಾತು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಿಂದಲೂ ದೂರದ ಕೆಂಗೇರಿಯಿಂದಲೂ ಮಕ್ಕಳನ್ನು ಕರೆತರುವ ತಾಯಂದಿರು ಶಾಲೆಯ ಬಾಗಿಲಲ್ಲಿ ನಿಂತು, ಬರುವವರು ಯಾರು, ಒಳಗಿನವರೋ ಹೊರಗಿನವರೋ, ಯಾವ ಸಭೆಗೆ ಸೇರಿದವರು, ಕಠಿಣರೋ ಮೃದುಸ್ವಭಾವದವರೋ ಎಂದು ವಿಚಾರಿಸುವರು. ಆಡಳಿತ ಮಂಡಲಿಯವರಿಗೆ ಒಂದು ಯೋಚನೆ, ಉಪಾಧ್ಯಾಯಿನಿಯರಿಗೆ ಮತ್ತೊಂದು, ಹಣಕೊಟ್ಟ ಮಹನೀಯರಿಗೆ ಇನ್ನೊಂದು. ಶಾಲೆಯು ಯಾರದು ಎಂಬ ಪ್ರಶ್ನೆಯು ಬೇರೆ ದಿನಗಳಲ್ಲಿ ನಿದ್ರಿಸುತ್ತಿದ್ದು ಇಂಥ ದಿನಗಳಲ್ಲಿ ಮಾತ್ರ ಎಚ್ಚರಗೊಳ್ಳುವುದು.

ಈ ಪ್ರಶ್ನೆಯು ಹೊಸದಲ್ಲ. ಹೆಣ್ಣುಮಕ್ಕಳ ಶಾಲೆಗಳು ನಮ್ಮ ದೇಶದಲ್ಲಿ ಬೇರೂರುತ್ತಿದ್ದ ಕಾಲದಲ್ಲಿಯೇ ಇದು ಉದ್ಭವಿಸಿತು. ಕನ್ನಡನಾಡಿನ ಕಾಡಿನಲ್ಲಿ ಹುಟ್ಟಿದ ಒಬ್ಬ ಮಹಿಳೆಯು ಇದನ್ನು ತನ್ನ ಬಾಳಿನಲ್ಲಿ ಮೂರು ಬಾರಿ ಎದುರಿಸಬೇಕಾಯಿತು. ಆಕೆಯೇ ಪಂಡಿತಾ ರಮಾಬಾಯಿ. ಆಕೆಯ ಹೆಸರನ್ನು ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಕೇಳದವರಿಲ್ಲ. ಆದರೆ ಆಕೆಯನ್ನು ಭಕ್ತೆಯೆಂದೂ ವಿಧವೆಯರ ತಾಯಿಯೆಂದೂ ಬಲ್ಲ ನಾವು, ಒಂದು ಶಾಲೆಯ ಮುಖ್ಯಸ್ಥಳಾಗಿ ಆಕೆಯು ಪಟ್ಟ ಪಾಡನ್ನು ಅಷ್ಟಾಗಿ ನೆನೆಯುವುದಿಲ್ಲ. ಆದಕಾರಣ ಆ ಭಾಗವನ್ನೇ ಮುಖ್ಯವಾಗಿಟ್ಟುಕೊಂಡು ಆಕೆಯ ಚರಿತ್ರೆಯನ್ನು ಇಲ್ಲಿ ಹೇಳಲಾಗುವುದು.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದ ಮನೆತನದವರು; ಚಿತ್ಪಾವನ ಬ್ರಾಹ್ಮಣರು. ಅವರು ಬಾಲ್ಯದಲ್ಲಿ ಪುಣೆಯಲ್ಲಿ ಓದುತ್ತಿದ್ದಾಗ, ತಮ್ಮ ಗುರುಗಳು ಪೇಶ್ವೆಯವರ ಅರಮನೆಯಲ್ಲಿ ರಾಣಿಯೊಬ್ಬಳಿಗೆ ಸಂಸ್ಕೃತವನ್ನು ಕಲಿಸುತ್ತಿದ್ದುದನ್ನು ಕಂಡರು. ಹೆಂಗಸಿನ ಬಾಯಲ್ಲಿ ಸಂಸ್ಕೃತ ಶ್ಲೋಕವನ್ನು ಕೇಳಿದ ಆ ಬಾಲಕನ ಮನಸ್ಸಿನಲ್ಲಿ, ತಾನೂ ತನ್ನ ಹೆಂಡತಿಗೆ ವಿದ್ಯೆಯನ್ನು ಹೇಳಿಕೊಡಬೇಕೆಂಬ ಸಂಕಲ್ಪವು ನೆಲೆಗೊಂಡಿತು. ಬಹುಕಾಲದ ಮೇಲೆ ಲಕ್ಷ್ಮೀಬಾಯಿಯೆಂಬ ಬಾಲಿಕೆಯನ್ನು ವಿವಾಹವಾದಾಗ ಅವರು ಆ ಸಂಕಲ್ಪವನ್ನು ನಡೆಸಿದರು. ನೆಂಟರೂ ಊರವರೂ ಮುನಿದರು. ಶಾಸ್ತ್ರಿಗಳು ಪಂಡಿತರ ಮುಂದೆ ತಮ್ಮ ನಡತೆಗೆ ಶಾಸ್ತ್ರಾಧಾರವನ್ನು ತೋರಿಸಬೇಕಾಯಿತು. ಕಡೆಗೆ ಅವರು ಊರನ್ನು ಬಿಟ್ಟು, ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಆಶ್ರಮವನ್ನು ಕಟ್ಟಿಕೊಂಡು, ಶಿಷ್ಯರಿಗೂ ಹೆಂಡತಿಗೂ ಪಾಠ ಹೇಳುತ್ತ ನೆಲಸಿದರು. ಅಲ್ಲಿಯೇ 1858ನೆಯ ಇಸವಿ ಏಪ್ರಿಲ್ 23ರಂದು ರಮಾಬಾಯಿಯು ಜನಿಸಿದಳು.

ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಬಡತನವು ಆ ಕುಟುಂಬವನ್ನು ಕಾಡಿನಿಂದ ಹೊರಡಿಸಿತು. ಅಂದಿನಿಂದ ಅವರದು ತೀರ್ಥಯಾತ್ರೆಯ ಬಾಳು. ದೇವಸ್ಥಾನಗಳ ಅಂಗಳದಲ್ಲಿ ಪುರಾಣಗಳನ್ನು ಓದಿ, ಕೇಳಿದವರು ಕೊಟ್ಟುದರಿಂದ ಹೊಟ್ಟೆ ಹೊರೆಯುವರು. ಎಂಟನೆಯ ವಯಸ್ಸು ಮೊದಲ್ಗೊಂಡು ಹದಿನೈದರವರೆಗೆ ರಮಾಬಾಯಿಗೆ ತಾಯಿಯೇ ಗುರು. ಮನೆಯಿಲ್ಲ, ಮಣೆಯಿಲ್ಲ, ಪುಸ್ತಕಗಳ ಕಪಾಟಿಲ್ಲ. ನಡೆಯುವ ದಾರಿಯೇ ಪಾಠಶಾಲೆ, ತಾಯಿಯ ಕಂಠವೇ ಗ್ರಂಥಭಂಡಾರ. ಭಾಗವತವು ಆಕೆಗೆ ಕಂಠಸ್ಥವಾಯಿತು. ಹೆಣ್ಣಿಗೆ ಹೆಣ್ಣೇ ಗುರುವಾಗಬಲ್ಲಳೆಂಬುದನ್ನು ಆಕೆಯು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಅದು ಆಕೆಯ ಬಾಲ್ಯದ ಅನುಭವವೇ ಆಗಿದ್ದಿತು.

1874ನೆಯ ಇಸವಿಯ ಹೊತ್ತಿಗೆ ಬರಗಾಲವು ದಕ್ಷಿಣದಲ್ಲಿ ತಲೆಯೆತ್ತಿತು. ತಂದೆಯು ತೀರಿಕೊಂಡರು, ಸ್ವಲ್ಪ ಕಾಲದಲ್ಲಿಯೇ ತಾಯಿಯೂ, ತರುವಾಯ ಅಕ್ಕನೂ ಗತಿಸಿದರು. ಉಳಿದವರು ಅಣ್ಣ ಶ್ರೀನಿವಾಸನೂ ತಂಗಿಯೂ. ಅವರಿಬ್ಬರು ಸಾವಿರಾರು ಮೈಲಿಗಳನ್ನು ಬಹುಮಟ್ಟಿಗೆ ಕಾಲ್ನಡಿಗೆಯಿಂದಲೇ ಕಳೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಇಪ್ಪತ್ತು ವರ್ಷದ ತರುಣಿಯು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತನಾಡುವುದನ್ನು ಕೇಳಿ ಅಲ್ಲಿಯ ಪಂಡಿತರು ಬೆರಗಾಗಿ ಆಕೆಗೆ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದುಗಳನ್ನು ಕೊಟ್ಟರು. ಅಣ್ಣನು 1880ರಲ್ಲಿ ಮೃತಿಹೊಂದಿದನು. ಅದೇ ವರ್ಷದ ನವೆಂಬರಿನಲ್ಲಿ ರಮಾಬಾಯಿಯವರು ಬಿಪಿನ್ ಬಿಹಾರಿ ದಾಸ್ ಮೇಧಾವಿಯೆಂಬ ವಕೀಲರನ್ನು, ಜಾತಿಯ ಕಟ್ಟನ್ನು ಮೀರಿ, ವಿವಾಹವಾದರು. ಮನೋರಮೆಯೆಂಬ ಹೆಣ್ಣುಮಗುವು ಹುಟ್ಟಿ ಒಂದು ವರ್ಷವೂ ತುಂಬುವುದಕ್ಕೆ ಮುಂಚೆ, 1882ರ ಫೆಬ್ರವರಿಯಲ್ಲಿ, ಪತಿಯು ಕಾಲರಾ ರೋಗಕ್ಕೆ ತುತ್ತಾದರು. ಹೀಗೆ ಇಪ್ಪತ್ತಮೂರು ವರ್ಷದ ವಿಧವೆಯು ಕೈಗೂಸನ್ನೆತ್ತಿಕೊಂಡು ಪುಣೆಗೆ ಬಂದರು.

ಪುಣೆಯಲ್ಲಿ ನ್ಯಾಯಮೂರ್ತಿ ರಾನಡೆಯವರೇ ಮೊದಲಾದ ಸುಧಾರಕರು ಆಕೆಯನ್ನು ಆದರದಿಂದ ಬರಮಾಡಿಕೊಂಡರು. ಅಲ್ಲಿ ಆಕೆಯು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸ್ತ್ರೀಧರ್ಮನೀತಿಯೆಂಬ ಮರಾಠಿ ಪುಸ್ತಕವನ್ನು ಪ್ರಕಟಿಸಿದರು. ಆ ವರ್ಷವೇ ಹಂಟರ್ ಸಾಹೇಬರ ಅಧ್ಯಕ್ಷತೆಯ ವಿದ್ಯಾಭ್ಯಾಸ ಆಯೋಗವು ಪುಣೆಗೆ ಬಂದಿತು. ಅದರ ಮುಂದೆ ರಮಾಬಾಯಿಯವರು ಮರಾಠಿಯಲ್ಲಿ ಸಾಕ್ಷ್ಯವನ್ನು ಹೇಳಿದರು. ನಮ್ಮ ಪ್ರಕೃತ ವಿಷಯವು ಇಲ್ಲಿಂದಲೇ ಆರಂಭವಾಗುವುದು.

ಹೆಣ್ಣುಮಕ್ಕಳ ಶಾಲೆಗಳಿಗೆ ಹೆಂಗಸರೇ ಉಪಾಧ್ಯಾಯಿನಿಯರಾಗಬೇಕು; ಅವರಿಗೆ ಕೆಲಸದ ಶಿಕ್ಷಣವು ದೊರೆಯಬೇಕು; ಅವರ ನಡತೆಯೂ ಸ್ಥಾನವೂ ಗೌರವವುಳ್ಳವುಗಳಾಗಬೇಕಾದರೆ ಸಂಬಳವೂ ಚೆನ್ನಾಗಿರಬೇಕು ಎಂದು ಆಕೆಯು ಹೇಳಿದರು. ಅಷ್ಟಕ್ಕೇ ನಿಲ್ಲದೆ, ಶಾಲೆಗಳನ್ನು ಪರೀಕ್ಷಿಸುವ ಇನ್ಸ್ಪೆಕ್ಟರರ ಸ್ಥಾನಕ್ಕೂ ಹೆಂಗಸರನ್ನೇ ನೇಮಿಸಬೇಕೆಂದೂ, ಅವರು ಮೂವತ್ತು ವರ್ಷಕ್ಕೆ ಕಡಿಮೆಯಿಲ್ಲದವರೂ ಉತ್ತಮ ವಿದ್ಯಾವಂತರೂ ಆಗಿರಬೇಕೆಂದೂ, ಅವರು ಈ ದೇಶದವರಾದರೂ ಸರಿ, ಯುರೋಪಿನವರಾದರೂ ಸರಿಯೆಂದೂ ಸೂಚಿಸಿದರು. ಗಂಡಸಾದ ಅಧಿಕಾರಿಯ ಮುಂದೆ ಹೆಂಗಸರು ಬಾಯಿಬಿಡಲಾರರು. ವಿದ್ಯಾವಂತರೆನಿಸಿಕೊಂಡ ಗಂಡಸರಲ್ಲಿ ಬಹುಮಂದಿ ಸ್ತ್ರೀವಿದ್ಯೆಗೆ ವಿರೋಧಿಗಳಾಗಿರುವುದರಿಂದ ಒಂದು ಸಣ್ಣ ತಪ್ಪನ್ನು ಬೆಟ್ಟ ಮಾಡಿ ಉಪಾಧ್ಯಾಯಿನಿಯ ಮಾನವನ್ನೇ ಕಳೆಯುವರು. ಇದು ಆಕೆಯು ಕೊಟ್ಟ ಕಾರಣ. ವಿಧವೆಯಾಗಿ ಕೆಲವೇ ತಿಂಗಳಾಗಿದ್ದ ತರುಣಿಯೊಬ್ಬಳು ಸರಕಾರದ ದೊಡ್ಡ ಅಧಿಕಾರಿಗಳೆದುರು ನಿಂತು, ಯಾರನ್ನು ನೇಮಿಸಬೇಕು, ಏಕೆ ನೇಮಿಸಬೇಕು, ಎಷ್ಟು ಸಂಬಳ ಕೊಡಬೇಕು ಎಂದು ಹೇಳಿದುದು ಆ ಕಾಲಕ್ಕೆ ಸಾಮಾನ್ಯವಾದ ಸಂಗತಿಯಲ್ಲ. ಇಂದು ಹೆಣ್ಣುಮಕ್ಕಳ ಶಾಲೆಗೆ ಮುಖ್ಯೋಪಾಧ್ಯಾಯಿನಿಯು ಬರುವಾಗ ಆ ಸ್ಥಾನದಲ್ಲಿ ಹೆಂಗಸೇ ಇರುವುದು ಸಹಜವೆಂದು ನಾವು ತಿಳಿಯುತ್ತೇವೆ. ಅದು ಸಹಜವಾದುದು ಕೇಳಿದವರು ಇದ್ದುದರಿಂದ.

1883ರಲ್ಲಿ ರಮಾಬಾಯಿಯವರು ವೈದ್ಯವಿದ್ಯೆಯನ್ನು ಕಲಿಯುವ ಆಸೆಯಿಂದ ಮಗಳೊಡನೆ ಇಂಗ್ಲೆಂಡಿಗೆ ಹೋದರು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಮಠದಲ್ಲಿ ಅವರಿಗೆ ಆಶ್ರಯವು ದೊರೆಯಿತು. ಅಲ್ಲಿಯೇ ಆ ವರ್ಷದ ಸೆಪ್ಟೆಂಬರ್ 29ರಂದು ಅವರೂ ಮಗಳೂ ದೀಕ್ಷಾಸ್ನಾನ ಹೊಂದಿದರು. ಕಿವಿ ಮಂದವಾಗಿದ್ದುದರಿಂದ ವೈದ್ಯವಿದ್ಯೆಯ ಆಸೆಯು ಕೈಗೂಡಲಿಲ್ಲ. ತರುವಾಯ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ, ಅದರ ಪ್ರಸಿದ್ಧ ಮುಖ್ಯಸ್ಥಳಾದ ಡೊರೋಥಿಯಾ ಬೀಲ್ ಎಂಬಾಕೆಯ ಆಶ್ರಯದಲ್ಲಿ, ರಮಾಬಾಯಿಯವರು ತಾವೂ ಓದುತ್ತ ಸಂಸ್ಕೃತವನ್ನೂ ಕಲಿಸುತ್ತಿದ್ದರು.

ಅಲ್ಲಿ 1885ರಲ್ಲಿ ಒಂದು ವಿವಾದವು ಎದ್ದಿತು. ಹಿಂದೂಸ್ಥಾನಕ್ಕೆ ಬರಲಿದ್ದ ಆಂಗ್ಲ ತರುಣರಿಗೂ ರಮಾಬಾಯಿಯವರು ಪಾಠ ಹೇಳಬಹುದೇ ಎಂಬ ಮಾತು ಹುಟ್ಟಿತು. ಕಾಲೇಜಿನ ಮುಖ್ಯಸ್ಥಳು ಹಿಂದೂಸ್ಥಾನದ ಬಿಷಪರುಗಳ ಅಭಿಪ್ರಾಯವನ್ನು ಕೇಳಿದಳು. ಮುಂಬಯಿಯ ಬಿಷಪರೂ ಲಾಹೋರಿನ ಬಿಷಪರೂ ಅದನ್ನು ಒಪ್ಪಲಿಲ್ಲ. ಗಂಡಸರಿಗೆ ಕಲಿಸಿದರೆ ಸ್ವದೇಶಕ್ಕೆ ಮರಳಿದ ಮೇಲೆ ಆಕೆಯ ಮಾತಿಗೆ ಮಹಿಳೆಯರಲ್ಲಿ ಬೆಲೆಯಿರದು ಎಂಬುದು ಅವರ ಭಾವನೆ. ರಮಾಬಾಯಿಯವರಿಗೆ ಇದರಿಂದ ಆಶ್ಚರ್ಯವೂ ವ್ಯಥೆಯೂ ಉಂಟಾದುವು. ತಮ್ಮ ತಂದೆಯಾಗಲಿ ಪತಿಯಾಗಲಿ ಎಂದೂ ಅಡ್ಡಿಪಡಿಸದ ಕೆಲಸಕ್ಕೆ ಹೊಸ ಧರ್ಮದ ಹಿರಿಯರು ಅಡ್ಡಿಯಾಗುವರೇ? ತಾವು ಊರೂರುಗಳಲ್ಲಿ ಗಂಡಸರ ಸಭೆಗಳ ಮುಂದೆ ಶಾಸ್ತ್ರಗಳನ್ನು ಹೇಳಿ ಬಂದವರಲ್ಲವೇ? ಒಂದು ಪುರೋಹಿತವರ್ಗದ ನೊಗದಿಂದ ಬಹು ಕಷ್ಟಪಟ್ಟು ಬಿಡಿಸಿಕೊಂಡವರು ಮತ್ತೊಂದಕ್ಕೆ ಕುತ್ತಿಗೆಯೊಡ್ಡಲಾರರೆಂದು, ತಮಗೆ ಗುರುವಿನಂತಿದ್ದ ವಾಂಟೇಜಿನ ಸಹೋದರಿ ಜೆರಾಲ್ಡೀನರಿಗೆ ಅವರು ವಿನಯದಿಂದಲೇ, ಆದರೆ ಸ್ಪಷ್ಟವಾಗಿ ತಿಳಿಸಿದರು. ತಮ್ಮನ್ನು ಪ್ರೀತಿಸಿ ಪೋಷಿಸುವವರೂ ತಮ್ಮ ಪರವಾಗಿ ತಾವೇ ನಿರ್ಣಯಿಸಿಬಿಡುವರೆಂಬುದು ಆಕೆಗೆ ಆಗ ತಿಳಿದುಬಂದಿತು.

1886ರಲ್ಲಿ ಡಾಕ್ಟರ್ ಆನಂದೀಬಾಯಿ ಜೋಶಿಯವರ ಪದವೀದಾನದ ಸಮಾರಂಭಕ್ಕಾಗಿ ರಮಾಬಾಯಿಯವರು ಅಮೆರಿಕಾದ ಫಿಲಡೆಲ್ಫಿಯಾ ನಗರಕ್ಕೆ ಹೋದರು. ಕೆಲವು ವಾರಗಳಿಗೆಂದು ಹೋದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಉಳಿದರು. ಉಚ್ಚಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತು 1887ರಲ್ಲಿ ಆಕೆಯು ಇಂಗ್ಲೀಷಿನಲ್ಲಿ ಪ್ರಕಟಿಸಿದ ಪುಸ್ತಕವು ಸಾವಿರಾರು ಪ್ರತಿಗಳು ಮಾರಾಟವಾಯಿತು. ಬಾಲವಿಧವೆಯರಿಗಾಗಿ ಒಂದು ಶಾಲೆಯನ್ನು ತೆರೆಯಬೇಕೆಂಬ ಆಕೆಯ ಬೇಡಿಕೆಗೆ ಅಮೆರಿಕದವರು ಓಗೊಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ಬಾಸ್ಟನ್ ನಗರದಲ್ಲಿ ರಮಾಬಾಯಿ ಸಂಘವು ಸ್ಥಾಪಿತವಾಗಿ, ಹತ್ತು ವರ್ಷಗಳ ಕಾಲ ಶಾಲೆಯ ಖರ್ಚನ್ನು ವಹಿಸುವುದಾಗಿ ಒಪ್ಪಿತು. ಕರಾರು ಒಂದೇ: ಶಾಲೆಯಲ್ಲಿ ಯಾವ ಮತವನ್ನೂ ಬೋಧಿಸಕೂಡದು, ಯಾವ ಮತಕ್ಕೂ ಅಡ್ಡಿಯಾಗಕೂಡದು. ಹಣವನ್ನು ಕೊಡುವವರು ಬಾಸ್ಟನ್ನಿನಲ್ಲಿ, ಸಲಹಾ ಮಂಡಲಿಯು ಹಿಂದೂಸ್ಥಾನದಲ್ಲಿ, ಇವೆರಡರ ನಡುವೆ ಶಾಲೆಯಲ್ಲಿ ಮಕ್ಕಳೊಡನೆ ಇರುವವರು ರಮಾಬಾಯಿಯವರು ಎಂದು ಏರ್ಪಾಡಾಯಿತು.

ಅದೇ ಸಮಯದಲ್ಲಿ ಕಲ್ಕತ್ತೆಯಲ್ಲಿ ನಡೆದ ಮತ್ತೊಂದು ನೇಮಕವನ್ನೂ ಇಲ್ಲಿ ನೆನೆಯುವುದು ಯುಕ್ತವು. 1849ರಲ್ಲಿ ಆರಂಭವಾದ ಬೆಥೂನ್ ಶಾಲೆಯು ಹಿಂದೂ ಬಾಲಿಕೆಯರಿಗಾಗಿಯೇ ಇದ್ದಿತು. ಬಂಗಾಳಿ ಕ್ರೈಸ್ತಳಾದ ಚಂದ್ರಮುಖಿ ಬಸು ಎಂಬ ಬಾಲಿಕೆಗೆ ಅಲ್ಲಿ ಪ್ರವೇಶವಿರಲಿಲ್ಲ. ಆಕೆಯು ಬೇರೆಡೆಯಲ್ಲಿ ಓದಿ ಮುಂದೆ ಬಂದಳು. 1883ರಲ್ಲಿ ಆಕೆಯೂ ಕಾದಂಬಿನಿ ಎಂಬಾಕೆಯೂ ಬಿ. ಎ. ಪದವಿಯನ್ನು ಪಡೆದರು. 1888ರಲ್ಲಿ ಬೆಥೂನ್ ಕಾಲೇಜು ಶಾಲೆಯಿಂದ ಬೇರ್ಪಟ್ಟಾಗ ಅದರ ಮುಖ್ಯಸ್ಥಾನವು ಆ ಚಂದ್ರಮುಖಿ ಬಸುವಿಗೇ ದೊರೆಯಿತು. ಯಾವ ಬಾಗಿಲು ಬಾಲ್ಯದಲ್ಲಿ ತೆರೆಯಲಿಲ್ಲವೋ ಆ ಬಾಗಿಲ ಬೀಗದ ಕೈಯೇ ಆಕೆಯ ಕೈಗೆ ಬಂದಿತು. ಹೆಂಗಸೊಬ್ಬಳು ವಿದ್ಯಾಸಂಸ್ಥೆಯನ್ನು ನಡೆಸಬಲ್ಲಳೇ ಎಂಬ ಸಂದೇಹಕ್ಕೆ ಈ ರೀತಿ ಪೂರ್ವದಲ್ಲಿ ಒಂದು ಉತ್ತರವು ದೊರೆತಿತು. ಪಶ್ಚಿಮದಲ್ಲಿ ಮತ್ತೊಂದು ಸಿದ್ಧವಾಗುತ್ತಿದ್ದಿತು.

1889ನೆಯ ಇಸವಿ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯ ಬಳಿ ಶಾರದಾ ಸದನವು ತೆರೆಯಲ್ಪಟ್ಟಿತು. ಗೋದೂಬಾಯಿಯೆಂಬ ಬಾಲವಿಧವೆಯು ಅದರ ಮೊದಲ ವಿಧವಾ ವಿದ್ಯಾರ್ಥಿನಿ. ಮಕ್ಕಳಿಗೆ ಅವರವರ ಜಾತಿಯ ಆಚಾರದಂತೆ ಊಟ, ಪೂಜೆಗಳಿಗೆ ಅವಕಾಶವಿದ್ದಿತು. 1890ರ ನವೆಂಬರಿನಲ್ಲಿ ಸದನವು ಪುಣೆಗೆ ಬಂದಿತು. ರಾನಡೆಯವರೂ, ಮಹಾವಿದ್ವಾಂಸರಾದ ರಾಮಕೃಷ್ಣ ಗೋಪಾಲ ಭಾಂಡಾರಕರರೂ ಸಲಹಾ ಮಂಡಲಿಯಲ್ಲಿದ್ದರು. ಅವರ ಹೆಸರನ್ನು ನೋಡಿಯೇ ಎಷ್ಟೋ ಮನೆಗಳವರು ಧೈರ್ಯದಿಂದ ತಮ್ಮ ಹೆಣ್ಣುಮಕ್ಕಳನ್ನು ಕಳುಹಿಸಿದರು. ತಲೆಬೋಳಿಸಿ ಮೂಲೆಯಲ್ಲಿ ಕೂರಿಸಿದ್ದ ಮಗಳನ್ನು, ಕ್ರೈಸ್ತಳೊಬ್ಬಳು ನಡೆಸುವ ಮನೆಗೆ ಕಳುಹಿಸುವುದೆಂದರೆ ಆ ಕಾಲದ ತಂದೆಗೆ ಎಂಥ ಎದೆ ಬೇಕಾಗಿದ್ದಿತೆಂಬುದನ್ನು ಇಂದಿನ ತಂದೆತಾಯಿಗಳು ಊಹಿಸಿಕೊಳ್ಳಬಹುದು.

ರಮಾಬಾಯಿಯವರು ಶಾಲೆಯ ತರಗತಿಗಳಲ್ಲಿ ಮತಬೋಧನೆಯನ್ನು ಮಾಡಲಿಲ್ಲ. ಆದರೆ ತಮ್ಮ ಕೋಣೆಯಲ್ಲಿ ಮಗಳೊಡನೆ ದಿನವೂ ಪ್ರಾರ್ಥಿಸುತ್ತಿದ್ದರು. ಆ ಕೋಣೆಯ ಬಾಗಿಲನ್ನು ಅವರು ಮುಚ್ಚುತ್ತಿರಲಿಲ್ಲ. ಆಕೆಯನ್ನು ತಾಯಿಯೆಂದೇ ಭಾವಿಸಿದ್ದ ಹುಡುಗಿಯರಲ್ಲಿ ಕೆಲವರು ಒಳಗೆ ಬಂದು ಕುಳಿತುಕೊಳ್ಳತೊಡಗಿದರು. ಕೆಲವರಿಗೆ ಆ ಧರ್ಮದಲ್ಲಿ ಮನಸ್ಸು ನೆಟ್ಟಿತು. ಸುದ್ದಿಯು ಊರಲ್ಲಿ ಹಬ್ಬಿತು. ತಿಲಕರ ಕೇಸರಿ ಪತ್ರಿಕೆಯು ಸದನದ ಮೇಲೆ ತೀಕ್ಷ್ಣವಾಗಿ ಬರೆಯಿತು. ಸಲಹಾ ಮಂಡಲಿಯವರು ಮೊದಲು ಆಕೆಯ ಬೆಂಬಲಕ್ಕೆ ನಿಂತರು. ಆದರೆ ಪ್ರಾರ್ಥನೆಗೆ ಬರುವ ಮಕ್ಕಳ ವಿಷಯದಲ್ಲಿ ಅವರಿಗೂ ಆಕೆಗೂ ಒಮ್ಮತವುಂಟಾಗಲಿಲ್ಲ. ಕಡೆಗೆ 1893ರ ಆಗಸ್ಟಿನಲ್ಲಿ ರಾನಡೆ, ಭಾಂಡಾರಕರ ಮೊದಲಾದವರು ರಾಜೀನಾಮೆಯನ್ನಿತ್ತು ಸದನದ ಸಂಬಂಧವನ್ನು ಬಿಟ್ಟರು. ಅದರೊಡನೆ ಅನೇಕ ತಂದೆತಾಯಿಗಳು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು.

ಈ ಪ್ರಸಂಗದಲ್ಲಿ ತಪ್ಪು ಯಾರದು? ಮಿಶನ್ ಶಾಲೆಯ ಸಂಚಿಕೆಯಲ್ಲಿ ಬರೆಯುವಾಗ ಎಲ್ಲವೂ ಆಕೆಯದೇ ಸರಿಯೆಂದು ಹೇಳುವುದು ಸುಲಭ. ಆದರೆ ನ್ಯಾಯವಾಗಿ ನೋಡಬೇಕು. ಸಲಹಾ ಮಂಡಲಿಯವರ ವಾದವು ಹುರುಳಿಲ್ಲದ್ದಲ್ಲ. ಈ ಶಾಲೆಯಲ್ಲಿ ಮತದ ಮಾತಿಲ್ಲವೆಂದು ಅವರು ತಮ್ಮ ಹೆಸರನ್ನು ಒತ್ತೆಯಿಟ್ಟು ಮನೆಮನೆಗಳಿಗೆ ಭರವಸೆ ಕೊಟ್ಟಿದ್ದರು. ಬಂದವರಲ್ಲಿ ಬಹುಮಂದಿ ಎಳೆಯ ಹುಡುಗಿಯರು. ಒಬ್ಬ ಮಹಾವ್ಯಕ್ತಿಯ ಸಂಗಡ ಒಂದೇ ಮನೆಯಲ್ಲಿದ್ದು ಆಕೆಯ ಪ್ರೀತಿಯನ್ನುಂಡ ಮಗುವಿನ ಮೇಲೆ, ಆಕೆಯು ಬಾಯಿಬಿಟ್ಟು ಬೋಧಿಸದಿದ್ದರೂ, ಪ್ರಭಾವವು ಬೀಳದಿರುವುದೇ? ರಮಾಬಾಯಿಯವರ ವಾದವೂ ಹುರುಳಿಲ್ಲದ್ದಲ್ಲ. ಬೋಧಿಸುವುದಿಲ್ಲವೆಂದು ತಾವು ಮಾತು ಕೊಟ್ಟುದು ನಿಜ. ತಮ್ಮ ನಂಬಿಕೆಯನ್ನು ಬಚ್ಚಿಡುವೆವೆಂದು ಕೊಡಲಿಲ್ಲ. ತನ್ನ ದೇವರ ಪೂಜೆಯನ್ನು ಮಾಡುವ ಹುಡುಗಿಗೆ ಇರುವ ಸ್ವಾತಂತ್ರ್ಯವು, ಪ್ರಾರ್ಥನೆಗೆ ಬಂದು ಕುಳಿತುಕೊಳ್ಳಬಯಸುವ ಹುಡುಗಿಗೆ ಮಾತ್ರ ಏಕಿರಬಾರದು? ಬಾಗಿಲನ್ನು ಮುಚ್ಚಿ ಪ್ರಾರ್ಥಿಸಿದರೆ ಮಕ್ಕಳಿಗೆ ತಾವು ಕಪಟವನ್ನೇ ಕಲಿಸಿದಂತಾಗದೇ?

ಎರಡು ಕಡೆಯವರೂ ಸತ್ಯವಂತರು. ಎರಡು ಕಡೆಯವರೂ ವಿಧವೆಯರ ಹಿತಚಿಂತಕರು. ಕೊರತೆಯು ಮೊದಲ ದಿನದ ಮಾತಿನಲ್ಲಿತ್ತು. ಮತನಿರಪೇಕ್ಷ ಶಾಲೆಯೆಂಬ ಒಂದೇ ಮಾತನ್ನು ಬಾಸ್ಟನ್ನಿನವರು ಒಂದು ಬಗೆಯಾಗಿಯೂ, ಪುಣೆಯ ಹಿರಿಯರು ಇನ್ನೊಂದು ಬಗೆಯಾಗಿಯೂ, ಶಾಲೆಯ ಮುಖ್ಯಸ್ಥಳು ಮತ್ತೊಂದು ಬಗೆಯಾಗಿಯೂ ತಿಳಿದುಕೊಂಡರು. ಮುಖ್ಯಸ್ಥಳ ಅಧಿಕಾರವು ಎಲ್ಲಿಗೆ ನಿಲ್ಲುವುದು, ಮಂಡಲಿಯ ಅಧಿಕಾರವು ಎಲ್ಲಿಂದ ಆರಂಭವಾಗುವುದು ಎಂಬುದನ್ನು ಎಲ್ಲರಿಗೂ ಒಂದೇ ಬಗೆಯಾಗಿ ತಿಳಿಯುವಂತೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅದರ ಬೆಲೆಯನ್ನು ತೆತ್ತವರು ಯಾರೆಂದರೆ, ಓದನ್ನು ಅರ್ಧಕ್ಕೆ ಬಿಟ್ಟು ಮತ್ತೆ ಮನೆಯ ಮೂಲೆಯನ್ನು ಸೇರಿದ ಹುಡುಗಿಯರು. ಅವರ ಹೆಸರುಗಳು ಯಾವ ಚರಿತ್ರೆಯಲ್ಲಿಯೂ ಬರೆಯಲ್ಪಟ್ಟಿಲ್ಲ. ದೊಡ್ಡವರ ವಿವಾದವನ್ನು ಓದುವಾಗ ಆ ಹುಡುಗಿಯರನ್ನು ನಾವು ಮರೆಯಬಾರದು.

ಆದರೂ ಕಲಹದಿಂದ ಎಲ್ಲವೂ ನಷ್ಟವಾಗಲಿಲ್ಲ. ಅದೇ 1893ರ ಮಾರ್ಚಿನಲ್ಲಿ ಗೋದೂಬಾಯಿಯು ಧೋಂಡೋ ಕೇಶವ ಕರ್ವೆಯವರನ್ನು ಪುನರ್ವಿವಾಹವಾಗಿದ್ದಳು. ಕರ್ವೆಯವರು 1896ರಲ್ಲಿ ಹಿಂದೂ ವಿಧವೆಯರಿಗಾಗಿ ಬೇರೊಂದು ಆಶ್ರಮವನ್ನು ಆರಂಭಿಸಿದರು. ಮತದ ಭಯವುಳ್ಳ ಮನೆಗಳವರು ತಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸಲು ಅನುಕೂಲವಾಯಿತು. 1916ರಲ್ಲಿ ಅವರೇ ಮಹಿಳಾ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದರು. ಶಾರದಾ ಸದನದ ಮೊದಲ ಶಿಷ್ಯೆಯು ಹೀಗೆ ಮತ್ತೊಂದು ವಿದ್ಯಾಮಂದಿರದ ಗೃಹಿಣಿಯಾದಳು. ಒಂದೇ ಬುಡದಿಂದ ಎರಡು ಕೊಂಬೆಗಳು ಬೇರೆಬೇರೆ ದಿಕ್ಕಿಗೆ ಬೆಳೆದಂತಾಯಿತು.

ಬಾಸ್ಟನ್ನಿನ ಸಂಘವು ತನ್ನ ಹತ್ತು ವರ್ಷಗಳ ಮಾತನ್ನು ನಡೆಸಿತು. 1898ರಲ್ಲಿ ರಮಾಬಾಯಿಯವರು ಅಮೆರಿಕಕ್ಕೆ ಮರಳಿ ಹೋದಾಗ ಹಳೆಯ ಸಂಘವು ಮುಗಿದು ಹೊಸದು ಏರ್ಪಟ್ಟಿತು. ಅಷ್ಟರಲ್ಲಿಯೇ ಆಕೆಯ ಕೆಲಸದ ರೂಪವೂ ಬದಲಾಗಿದ್ದಿತು. 1896ರಲ್ಲಿ ಮಧ್ಯಪ್ರಾಂತ್ಯಗಳಲ್ಲಿ ಬರಗಾಲವು ಬಿದ್ದಾಗ, ಬಾಲ್ಯದಲ್ಲಿ ತಾವೇ ಹಸಿವನ್ನುಂಡಿದ್ದ ಆಕೆಯು ಅಲ್ಲಿಗೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಿಂದ ದೂರದ ಕೇಡಗಾಂವಿನಲ್ಲಿ ಮುಕ್ತಿ ಸದನವು ಎದ್ದಿತು. ಇದು ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಇಲ್ಲಿ ಮಾತಿಗೆ ಎರಡರ್ಥವಿರಲಿಲ್ಲ. 1900ರ ಗುಜರಾತಿನ ಬರಗಾಲದ ತರುವಾಯ ಅಲ್ಲಿದ್ದವರ ಸಂಖ್ಯೆಯು ಎರಡು ಸಾವಿರದ ಹತ್ತಿರಕ್ಕೆ ಏರಿತು. ಓದುಬರಹದ ಜೊತೆಗೆ ನೇಯ್ಗೆ, ಬೇಸಾಯ, ಹೈನು, ಅಚ್ಚುಕೂಟದ ಕೆಲಸ ಮುಂತಾದುವನ್ನು ಹೆಂಗಸರೇ ಕಲಿತು ನಡೆಸಿದರು.

ಇನ್ನು ಮೂರನೆಯ ಪ್ರಶ್ನೆಯು ಉಳಿಯಿತು: ತನ್ನ ನಂತರ ಯಾರು? ಈ ಪ್ರಶ್ನೆಯನ್ನು ರಮಾಬಾಯಿಯವರು ಬಹು ಮುಂಚೆಯೇ ಯೋಚಿಸಿದ್ದರು. ಮಗಳು ಮನೋರಮೆಯನ್ನು ಅಮೆರಿಕದಲ್ಲಿ ಓದಿಸಿದರು. ಆಕೆಯು 1900ರಲ್ಲಿ ಮರಳಿ ಬಂದು ಶಾರದಾ ಸದನದ ಶಾಲೆಯ ಮುಖ್ಯಸ್ಥಾನವನ್ನು ವಹಿಸಿದಳು. ಸ್ಥಾಪಕಿಯ ಮಗಳೆಂಬ ಹೆಸರೊಂದನ್ನೇ ನೆಚ್ಚಿಕೊಂಡು ಆಕೆಯು ಕೂಡಲಿಲ್ಲ. ಕುರುಡ ಮಕ್ಕಳಿಗೆ ಬೆರಳಿನಿಂದ ಓದುವುದನ್ನು ಕಲಿಸುವ ಏರ್ಪಾಡನ್ನು ಮಾಡಿದಳು. ಶಾಲೆಯನ್ನು ನಡೆಸುತ್ತಲೇ ತಾನೂ ಓದಿ 1917ರಲ್ಲಿ ಬಿ. ಎ. ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಗುಲ್ಬರ್ಗದಲ್ಲಿ, ಎಂದರೆ ಈಗಿನ ಕಲಬುರಗಿಯಲ್ಲಿ, 1913ರ ಸುಮಾರಿಗೆ ಹೆಣ್ಣುಮಕ್ಕಳಿಗಾಗಿ ಶಾಂತಿ ಸದನವನ್ನು ಆರಂಭಿಸಿದವಳೂ ಆಕೆಯೇ. ಗಂಗಾಮೂಲದಿಂದ ಹೊರಟ ಕುಟುಂಬದ ವಿದ್ಯೆಯು ಹೀಗೆ ಮತ್ತೆ ಕನ್ನಡದ ನೆಲವನ್ನು ಮುಟ್ಟಿತು.

ಆದರೆ ಮನುಷ್ಯನ ಏರ್ಪಾಡು ಒಂದು, ದೈವಸಂಕಲ್ಪವು ಇನ್ನೊಂದು. 1921ರ ಜುಲೈ ತಿಂಗಳಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ಮನೋರಮೆಯು ತಾಯಿಗಿಂತ ಮುಂಚೆ ತೀರಿಕೊಂಡಳು. ಮಗಳನ್ನು ಕಳೆದುಕೊಂಡ ವೃದ್ಧೆಯ ಮುಂದೆ ಶಾಲೆಯ ಭವಿಷ್ಯದ ಚಿಂತೆಯೂ ನಿಂತಿತು. ರಕ್ತಸಂಬಂಧದ ಉತ್ತರಾಧಿಕಾರವು ಮುರಿದುಹೋಯಿತು. ಜೊತೆಯಲ್ಲಿ ದುಡಿದು ಆ ಕೆಲಸವನ್ನು ಬಲ್ಲವರ ಕೈಗೆ ಅದನ್ನು ಒಪ್ಪಿಸಬೇಕಾಯಿತು. ಕಡೆಯ ದಿನಗಳವರೆಗೂ ಆಕೆಯು ಸತ್ಯವೇದವನ್ನು ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ಸುಲಭವಾದ ಮರಾಠಿಗೆ ಪರಿವರ್ತಿಸುವ ಕೆಲಸದಲ್ಲಿ ತೊಡಗಿದ್ದರು. ಅದನ್ನು ಪೂರೈಸಿ, ಮಗಳು ಹೋದ ಒಂಬತ್ತು ತಿಂಗಳೊಳಗಾಗಿ, 1922ರ ಏಪ್ರಿಲ್ 5ರಂದು ರಮಾಬಾಯಿಯವರು ನಿದ್ರೆಯಲ್ಲಿಯೇ ಕಣ್ಮುಚ್ಚಿದರು. 1989ರಲ್ಲಿ ಭಾರತ ಸರಕಾರವು ಆಕೆಯ ಗೌರವಾರ್ಥವಾಗಿ ಅಂಚೆಚೀಟಿಯನ್ನು ಹೊರಡಿಸಿತು. ಇಬ್ಬರೂ ಹೋದರೂ ಕೇಡಗಾಂವಿನ ಸಂಸ್ಥೆಯು ನಿಲ್ಲಲಿಲ್ಲ. ಇಂದಿಗೂ ಅದು ನಡೆಯುತ್ತಿದೆ.

ಈಗ ನಮ್ಮ ಕಾಲಕ್ಕೆ ಬರೋಣ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಸಂಸ್ಥೆಯ ಮುಖ್ಯಸ್ಥರನ್ನು ಆರಿಸಿಕೊಳ್ಳುವುದು ಆ ಹಕ್ಕಿನ ಒಂದು ಮುಖ್ಯ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ, ಕೇರಳದ ಒಂದು ಕ್ರೈಸ್ತ ಕಾಲೇಜಿನ ಮೊಕದ್ದಮೆಯಲ್ಲಿ, ತೀರ್ಪುಕೊಟ್ಟಿತು. ನೇಮಿಸುವ ಅಧಿಕಾರವು ಯಾರದೆಂಬುದಕ್ಕೆ ಕಾನೂನಿನಲ್ಲಿ ಉತ್ತರವಿದೆ. ಆದರೆ ನೇಮಕದ ಕಾಗದದಿಂದ ಕುರ್ಚಿಯು ದೊರೆಯಬಹುದು; ತಂದೆತಾಯಿಗಳ ನಂಬಿಕೆಯು ಅದರಿಂದ ದೊರೆಯದು. ರಮಾಬಾಯಿಯವರಿಗೆ ಪಾಂಡಿತ್ಯವಿತ್ತು, ಪ್ರೀತಿಯಿತ್ತು, ಹಣವಿತ್ತು, ದೇಶದ ಮಹನೀಯರ ಬೆಂಬಲವಿತ್ತು. ಆದರೂ ಕೊಟ್ಟ ಮಾತಿನ ಅರ್ಥವು ಎಲ್ಲರಿಗೂ ಒಂದೇ ಆಗಿರಲಿಲ್ಲವಾದುದರಿಂದ ಒಂದು ತಿಂಗಳಿನಲ್ಲಿ ಶಾಲೆಯ ಎಷ್ಟೋ ಬೆಂಚುಗಳು ಬರಿದಾದುವು.

ಆದುದರಿಂದ ಹೊಸ ಮುಖ್ಯೋಪಾಧ್ಯಾಯಿನಿಯವರು ಬರುವ ಸಮಯದಲ್ಲಿ, ಅವರು ಯಾವ ಊರಿನವರು, ಯಾವ ಸಭೆಯವರು ಎಂಬುದಕ್ಕಿಂತ ಮುಂಚೆ ಕೇಳಬೇಕಾದ ಮಾತುಗಳಿವೆ. ಶಾಲೆಯು ನಮಗೆ ಕೊಟ್ಟಿರುವ ಮಾತು ಯಾವುದು? ಬರುವವರಿಗೆ ಆ ಮಾತನ್ನು ಸ್ಪಷ್ಟವಾಗಿ ತಿಳಿಸಲಾಗಿದೆಯೇ? ಅವರು ಅದನ್ನು ಒಪ್ಪಿ ಬರುತ್ತಿರುವರೇ? ಕೆಲಸಕ್ಕೆ ಬೇಕಾದ ಸ್ವಾತಂತ್ರ್ಯವನ್ನು ನಾವು ಅವರಿಗೆ ಕೊಡುವೆವೇ, ಅಥವಾ ಹೆಜ್ಜೆಹೆಜ್ಜೆಗೂ ಅವರ ಪರವಾಗಿ ನಾವೇ ನಿರ್ಣಯಿಸುವೆವೇ? ಈ ಮಾತುಗಳನ್ನು ಆಡಳಿತ ಮಂಡಲಿಯವರೂ ತಂದೆತಾಯಿಗಳೂ ಮೊದಲ ದಿನವೇ, ಎದುರೆದುರು ಕುಳಿತು, ಸ್ನೇಹದಿಂದ ಆಡಿಕೊಳ್ಳುವುದೊಳ್ಳೆಯದು. ಕಲಹವು ಎದ್ದ ಮೇಲೆ ಆಡುವ ಮಾತಿಗೆ ಕಿವಿಗಳು ಕಡಿಮೆ.

ಪೂರ್ವವಿದ್ಯಾರ್ಥಿನಿಯರಾದ ನಮಗೂ ಒಂದು ಕರ್ತವ್ಯವಿದೆ. ನಾವು ಓದಿದ ಕಾಲದ ಮುಖ್ಯೋಪಾಧ್ಯಾಯಿನಿಯವರಂತೆ ಮತ್ತೊಬ್ಬರಿಲ್ಲವೆಂದು ನಮ್ಮಲ್ಲಿ ಪ್ರತಿಯೊಬ್ಬಳೂ ಹೇಳಿಕೊಳ್ಳುವಳು. ಹೇಳಿಕೊಳ್ಳುವುದು ನ್ಯಾಯವೂ ಹೌದು. ಆದರೆ ಆ ಪ್ರೀತಿಯನ್ನೇ ಹೊಸದಾಗಿ ಬಂದವರ ಎದುರಿಗೆ ಗೋಡೆಯಾಗಿ ಕಟ್ಟಬಾರದು. ಹಿಂದಿನವರನ್ನು ನೆನೆಯುತ್ತ ಬರುವವರಿಗೆ ದಾರಿಬಿಡುವುದೇ ಹಿಂದಿನವರಿಗೂ ನಾವು ಸಲ್ಲಿಸುವ ಗೌರವ.

ಮುಂದಿನ ಬಾರಿ ಶಾಲೆಯ ಬಾಗಿಲಲ್ಲಿ ನಿಂತು ಮಾತನಾಡುವಾಗ, ಪುಣೆಯ ಆ ಕೋಣೆಯ ತೆರೆದ ಬಾಗಿಲನ್ನೂ, ಅದರಿಂದ ಒಳಗೆ ಬಂದ ಹುಡುಗಿಯರನ್ನೂ, ಓದನ್ನು ಬಿಟ್ಟು ಹೊರಗೆ ಹೋದ ಹುಡುಗಿಯರನ್ನೂ ಒಂದು ಕ್ಷಣ ನೆನೆಯೋಣ. ಇಬ್ಬರೂ ಅದೇ ಶಾಲೆಯ ಮಕ್ಕಳು.